ನಿಧನದ ನಂತರ ಆಸ್ತಿ ಇತ್ಯರ್ಥ: ಸಹಿ ಹಾಕುವ ಮೊದಲು ಮಾಡಬೇಕಾದ ಕೆಲಸಗಳು

ಮನೆಯವರೊಬ್ಬರು ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿದ್ದ ಹಣ, ಮನೆ, ಜಮೀನುಗಳನ್ನು ವಾರಸುದಾರರಿಗೆ ತಲುಪಿಸುವ ಕೆಲಸಕ್ಕೆ ನಮ್ಮ ಕಾನೂನಿನಲ್ಲಿ ಒಂದು ಕ್ರಮವಿದೆ. ಯಾರಿಗೆ ಎಷ್ಟು ಪಾಲು ಎಂಬುದು ತಿಳಿಯುವ ಮೊದಲೇ ದುಃಖದ ದಿನಗಳಲ್ಲಿ ಕಾಗದಗಳಿಗೆ ಸಹಿ ಹಾಕಿಬಿಟ್ಟವರೇ ಮುಂದೆ ಹೆಚ್ಚು ಕಷ್ಟಪಡುತ್ತಾರೆ. ವಕೀಲರ ಸಲಹೆ ಬೇಕಾಗುವುದು ಜಗಳ ಶುರುವಾದ ಮೇಲಲ್ಲ, ಆ ಸಹಿಗೆ ಮೊದಲು.

ಮೊದಲ ಕೆಲಸ ಮರಣ ನೋಂದಣಿ. ಇದಕ್ಕೆ 21 ದಿನಗಳ ಅವಧಿಯಿದೆ. ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ. ಮರಣ ಪ್ರಮಾಣಪತ್ರದಲ್ಲಿನ ಹೆಸರು ಆಧಾರ್, ಪಾಸ್‌ಬುಕ್, ಪಹಣಿಗಳಲ್ಲಿ ಇರುವಂತೆಯೇ ಇದೆಯೇ ಎಂದು ಆಗಲೇ ನೋಡಿಕೊಳ್ಳಿ. ಒಂದಕ್ಷರದ ವ್ಯತ್ಯಾಸವೂ ಕಚೇರಿಗಳಲ್ಲಿ ಅಡ್ಡಿಯಾಗುತ್ತದೆ. ನಂತರ ವಂಶವೃಕ್ಷ ಮಾಡಿಸಿ. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರನ್ನೂ ಅದರಲ್ಲಿ ಸೇರಿಸಲೇಬೇಕು.

ಈ ನಡುವೆ ಮೃತರ ಎಟಿಎಂ ಕಾರ್ಡ್ ಬಳಸಿ ಹಣ ತೆಗೆಯಬೇಡಿ. ಖರ್ಚು ನ್ಯಾಯವಾದದ್ದೇ ಆದರೂ ಉಳಿದ ವಾರಸುದಾರರು ಅದನ್ನು ಪ್ರಶ್ನಿಸಬಹುದು. ಠೇವಣಿ, ವಿಮೆ, ಷೇರು, ಸಾಲಗಳನ್ನೆಲ್ಲ ಪಟ್ಟಿ ಮಾಡಿ. ಮರೆತುಹೋದ ಹಳೆಯ ಠೇವಣಿಗಳನ್ನು ರಿಸರ್ವ್ ಬ್ಯಾಂಕಿನ ಉದ್ಗಮ್ ಪೋರ್ಟಲ್‌ನಲ್ಲಿ ಹುಡುಕಬಹುದು.

ಉಯಿಲು ಇದೆಯೇ ಎಂಬುದು ಮುಂದಿನ ಪ್ರಶ್ನೆ. ಉಯಿಲಿಗೆ ನೋಂದಣಿ ಕಡ್ಡಾಯವಲ್ಲ, ಆದರೆ ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಕಡ್ಡಾಯ. ನೋಂದಣಿಯಾಗಿಲ್ಲವೆಂಬ ಒಂದೇ ಕಾರಣಕ್ಕೆ ಬೀರುವಿನಲ್ಲಿ ಸಿಕ್ಕ ಉಯಿಲನ್ನು ಬದಿಗಿಡಬೇಡಿ. ವಿವಾದವಾದರೆ, ಸಾಕ್ಷಿಗಳು ಬದುಕಿದ್ದಲ್ಲಿ ಅವರಲ್ಲಿ ಒಬ್ಬರಾದರೂ ನ್ಯಾಯಾಲಯದಲ್ಲಿ ನುಡಿಯಬೇಕಾಗುವುದರಿಂದ ಅವರು ಎಲ್ಲಿದ್ದಾರೆಂದು ಈಗಲೇ ತಿಳಿದುಕೊಂಡಿರುವುದು ಒಳ್ಳೆಯದು.

ಉಯಿಲು ಇಲ್ಲದಿದ್ದರೆ ಮೃತರಿಗೆ ಅನ್ವಯಿಸುವ ವೈಯಕ್ತಿಕ ಕಾನೂನು ಪಾಲನ್ನು ನಿರ್ಧರಿಸುತ್ತದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಪುರುಷನೊಬ್ಬನ ಸ್ವಯಾರ್ಜಿತ ಆಸ್ತಿಯಲ್ಲಿ ಹೆಂಡತಿ, ತಾಯಿ, ಪ್ರತಿಯೊಬ್ಬ ಮಗ ಮತ್ತು ಮಗಳಿಗೆ ಸಮಪಾಲು ಬರುತ್ತದೆ. ಮಗನ ಆಸ್ತಿಯಲ್ಲಿ ವೃದ್ಧ ತಾಯಿಗೂ ಪಾಲಿದೆ ಎಂಬುದನ್ನು ಅನೇಕ ಕುಟುಂಬಗಳು ಮರೆಯುತ್ತವೆ. ಒಟ್ಟು ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕಿದೆಯೆಂದು 2005ರ ತಿದ್ದುಪಡಿ ಹೇಳಿತು; ತಂದೆ ಆ ತಿದ್ದುಪಡಿಗೆ ಮೊದಲೇ ತೀರಿಕೊಂಡಿದ್ದರೂ ಈ ಹಕ್ಕು ಉಳಿಯುತ್ತದೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು.

ಬ್ಯಾಂಕಿನಲ್ಲಿ ನಾಮಿನಿ ಇದ್ದರೆ ಹಣ ಬೇಗ ಕೈಗೆ ಬರುತ್ತದೆ, ಆದರೆ ಅಷ್ಟರಿಂದಲೇ ನಾಮಿನಿ ಆ ಹಣದ ಒಡೆಯನಾಗುವುದಿಲ್ಲ. ಬ್ಯಾಂಕಿನಿಂದ ಹಣ ಪಡೆದು ವಾರಸುದಾರರಿಗೆ ಒಪ್ಪಿಸುವ ಹೊಣೆಯಷ್ಟೇ ಅವರದು. ಷೇರುಗಳ ವಿಷಯದಲ್ಲೂ 2023ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದೆ. ಜೀವವಿಮೆಯಲ್ಲಿ ಮಾತ್ರ ಸ್ವಲ್ಪ ಭಿನ್ನವಾಗಿದ್ದು, ತಂದೆತಾಯಿ, ಪತಿ ಅಥವಾ ಪತ್ನಿ, ಮಕ್ಕಳು ನಾಮಿನಿಯಾಗಿದ್ದರೆ 2015ರ ತಿದ್ದುಪಡಿ ಅವರಿಗೆ ಫಲಾನುಭವಿಯ ಸ್ಥಾನ ಕೊಟ್ಟಿದೆ. ಅಣ್ಣನ ಹೆಸರು ನಾಮಿನಿಯಾಗಿದೆ ಎಂದು ಠೇವಣಿಯ ಆಸೆ ಬಿಟ್ಟ ತಂಗಿಯರು ಈ ವ್ಯತ್ಯಾಸವನ್ನು ಗಮನಿಸಬೇಕು.

ನಾಮಿನಿಯೂ ಇಲ್ಲದೆ ಮೊತ್ತ ದೊಡ್ಡದಿದ್ದರೆ, ಇಲ್ಲವೇ ವಾರಸುದಾರರಲ್ಲಿ ವಿವಾದವಿದ್ದರೆ, ಬ್ಯಾಂಕು ಉತ್ತರಾಧಿಕಾರ ಪ್ರಮಾಣಪತ್ರ ಕೇಳಬಹುದು. ಮೃತರು ವಾಸವಿದ್ದ ಪ್ರದೇಶದ ವ್ಯಾಪ್ತಿಯ ನ್ಯಾಯಾಲಯಕ್ಕೆ ವಕೀಲರ ಮೂಲಕ ಅರ್ಜಿ ಸಲ್ಲಿಸಿ ಇದನ್ನು ಪಡೆಯಬೇಕು. ಠೇವಣಿ, ಷೇರುಗಳಂಥವಕ್ಕೆ ಇದು ಸಲ್ಲುತ್ತದೆ, ಜಮೀನು ಮನೆಗಳಿಗೆ ಅಲ್ಲ.

ಜಮೀನಿಗೆ ಪೌತಿ ಖಾತೆ, ಅಂದರೆ ಮೃತರ ಹೆಸರಿನಲ್ಲಿದ್ದ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಾಯಿಸುವುದು, ಮಾಡಿಸಬೇಕು. ಆದರೆ ಖಾತೆ ಯಾರ ಹೆಸರಿಗೆ ಬಂದರೂ ಅದರಿಂದ ಮಾಲೀಕತ್ವ ತೀರ್ಮಾನವಾಗುವುದಿಲ್ಲ. ಅದು ಕಂದಾಯದ ದಾಖಲೆ ಮಾತ್ರ.

ಹೆಣ್ಣುಮಕ್ಕಳ ಮುಂದೆ ಹಕ್ಕು ಬಿಡುಗಡೆ ಪತ್ರ ಬರುವುದು ಸಾಮಾನ್ಯವಾಗಿ ಈ ಹೊತ್ತಿನಲ್ಲೇ. ‘ಖಾತೆ ಮಾಡಿಸಲು ಒಂದು ಸಹಿ’ ಎಂದು ಹೇಳಿ ತಂದ ಕಾಗದ ನೋಂದಣಿಯಾದರೆ ಪಾಲು ಕೈಬಿಟ್ಟಂತೆಯೇ. ಮೋಸ ಅಥವಾ ಒತ್ತಾಯ ನಡೆದಿದೆಯೆಂದು ಸಾಬೀತುಪಡಿಸದೆ ಅದನ್ನು ರದ್ದು ಮಾಡಿಸುವುದು ಬಹಳ ಕಷ್ಟ. ಮನಸಾರೆ ಪಾಲು ಬಿಟ್ಟುಕೊಡುವುದು ತಪ್ಪಲ್ಲ. ಆದರೆ ಕರಡನ್ನು ಮನೆಗೆ ತಂದು, ನಿಮ್ಮದೇ ವಕೀಲರಿಗೆ ತೋರಿಸಿ, ಯಾವ ಸರ್ವೆ ನಂಬರು, ಎಷ್ಟು ಪಾಲು ಎಂಬುದನ್ನು ಅರಿತ ಮೇಲೆ ನಿರ್ಧರಿಸಿ. ಎಲ್ಲರ ಪರವಾಗಿ ಒಬ್ಬರೇ ವಕೀಲರಿದ್ದಾಗ ಈ ಎಚ್ಚರ ಇನ್ನೂ ಹೆಚ್ಚು ಬೇಕು.

ಮೃತರ ಸಾಲಕ್ಕೆ ವಾರಸುದಾರರ ಹೊಣೆ ಅವರಿಗೆ ಬಂದ ಆಸ್ತಿಯ ಮಿತಿಯೊಳಗಷ್ಟೇ ಇರುತ್ತದೆ. ನೀವೇ ಜಾಮೀನು ಹಾಕಿದ್ದರೆ ಮಾತ್ರ ಮಾತು ಬೇರೆ.

ವಕೀಲರ ಶುಲ್ಕ ಕೊಡಲಾಗದವರು ತಾಲ್ಲೂಕು ಅಥವಾ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಕಚೇರಿಗೆ ಹೋಗಬಹುದು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯ ಎಷ್ಟೇ ಇದ್ದರೂ ಉಚಿತ ನೆರವಿಗೆ ಅರ್ಹರು. ಸಹಾಯವಾಣಿ 15100. ಹೋಗುವಾಗ ಮರಣ ಪ್ರಮಾಣಪತ್ರ, ವಂಶವೃಕ್ಷ ಮತ್ತು ನಿಮಗೆ ಸಹಿ ಹಾಕಲು ಕೊಟ್ಟಿರುವ ಕಾಗದದ ಪ್ರತಿಯನ್ನು ತೆಗೆದುಕೊಂಡು ಹೋಗಿ.