ಒಂದು ಮನೆಗೆ ಮಾಡು ಹಾಕಿ ಮುಗಿಯಲಿ, ಆಮೇಲೆ ಇನ್ನೊಂದಕ್ಕೆ ಪಾಯ

ಬಡವರಿಗೆ ಮನೆ ಕಟ್ಟಿಕೊಡಲು ಮಂಗಳೂರು, ಉಡುಪಿಯಿಂದ ಕೆನ್ಯಾ, ಉಗಾಂಡಗಳಿಗೆ ಹೊರಡುವ ತಂಡಗಳು ಈ ನಿಯಮವನ್ನು ಬಿಡಬಾರದು. ಹತ್ತು ಮನೆಯ ಗೋಡೆ ಒಟ್ಟಿಗೆ ಎಬ್ಬಿಸಿದರೆ ಕೂಲಿ ಉಳಿಯುತ್ತದೆ, ನಿಜ. ಆದರೆ ಗಲಭೆಯಾಗಿ ತಂಡ ವಾಪಸಾದರೆ ಮಳೆಗೆ ನೆನೆಯುವ ಹತ್ತು ಗೋಡೆ ಉಳಿಯುತ್ತದೆ, ಒಂದು ಸಂಸಾರಕ್ಕೂ ಸೂರಿಲ್ಲ.

2007ರ ಡಿಸೆಂಬರ್ ಚುನಾವಣೆಯ ಬೆನ್ನಿಗೆ ಕೆನ್ಯಾದಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು, ಲಕ್ಷಾಂತರ ಮಂದಿ ಮನೆ ಬಿಟ್ಟು ಓಡಿದರು. 2021ರ ಜನವರಿಯಲ್ಲಿ ಉಗಾಂಡ ಮತದಾನದ ಹೊತ್ತಿಗೆ ಇಂಟರ್ನೆಟ್ಟನ್ನೇ ನಿಲ್ಲಿಸಿತು. ಹಾಗಾಗಿ ಚುನಾವಣೆಯ ಆಚೀಚಿನ ತಿಂಗಳುಗಳು ಬೇಡ. ಮಾರ್ಚ್–ಮೇ, ಅಕ್ಟೋಬರ್–ಡಿಸೆಂಬರ್ ಅಲ್ಲಿ ಮಳೆ. ಪತ್ತನಾಜೆಗೆ, ಅಂದರೆ ಮಳೆಗಾಲ ಹತ್ತಿರವಾಯಿತೆಂದು ತುಳುನಾಡು ಎಣಿಸುವ ದಿನಕ್ಕೆ, ಮೊದಲೇ ಮಾಡಿನ ಹಂಚು ಸರಿಪಡಿಸುವ ನಮ್ಮೂರವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಗೋಡೆಗೆ ಕೈಯಂತ್ರದಲ್ಲಿ ಒತ್ತಿದ ಮಣ್ಣು–ಸಿಮೆಂಟಿನ ಇಟ್ಟಿಗೆಯೇ ಒಳ್ಳೆಯದು. ಸುಡಲು ಸೌದೆ ಬೇಡ. ಅಲ್ಲಿ ‘ಮರ್ರಂ’ ಎನ್ನುವ ಕೆಂಪು ಮಣ್ಣು ನಮ್ಮ ಮುರಕಲ್ಲಿನ (ಜಂಬಿಟ್ಟಿಗೆಯ) ಮಣ್ಣಿನ ಜಾತಿಯದೇ, ಹಾಗಾಗಿ ಇಲ್ಲೇ ಅಭ್ಯಾಸ ಮಾಡಬಹುದು. ಮಣ್ಣಿನ ಪರೀಕ್ಷೆಗೆ 60 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲ, ಅಷ್ಟೇ ಆಳದ ಮರದ ಪೆಟ್ಟಿಗೆ ಮಾಡಿ, ಒಳಗೆ ಎಣ್ಣೆ ಸವರಿ, ಹಸಿ ಮಣ್ಣು ಒತ್ತಿ ತುಂಬಿ. ಮೂರು ದಿನ ಬಿಸಿಲಲ್ಲಿ ಒಣಗಿಸಿ, ಎಷ್ಟು ಕುಗ್ಗಿತು ಅಳೆಯಿರಿ. 12 ಮಿ.ಮೀ. ಒಳಗಿದ್ದರೆ 1 ಪಾಲು ಸಿಮೆಂಟಿಗೆ 18 ಪಾಲು ಮಣ್ಣು. 24ರ ತನಕ 16, 36ರ ತನಕ 14, 48ರ ತನಕ 12. ಅದಕ್ಕಿಂತ ಹೆಚ್ಚು ಕುಗ್ಗಿದರೆ ಮರಳು ಬೆರೆಸಿ ಮತ್ತೆ ಪರೀಕ್ಷಿಸಿ.

ನೀರಿನ ಹದಕ್ಕೆ ಉಂಡೆ ಕಟ್ಟಿ ಸುಮಾರು ಒಂದು ಮೀಟರ್ ಎತ್ತರದಿಂದ ಬಿಡಿ. ನಾಲ್ಕಾರು ತುಂಡಾದರೆ ಸರಿ. ಚಪ್ಪಟೆಯಾದರೆ ನೀರು ಹೆಚ್ಚು, ಪುಡಿಯಾದರೆ ಕಮ್ಮಿ. ನೀರು ಸೇರಿಸಿದ ಮುಕ್ಕಾಲು ಗಂಟೆಯೊಳಗೆ ಒತ್ತಿ ಮುಗಿಸಿ. ಇಟ್ಟಿಗೆಯನ್ನು ಪ್ಲಾಸ್ಟಿಕ್ ಹೊದಿಸಿ ಏಳು ದಿನ ತೇವದಲ್ಲಿಡಿ, 28 ದಿನ ಕಳೆದ ಮೇಲೆ ಗೋಡೆಗೆ ಇಡಿ. ಮೂಲೆ ಉದುರಿದರೆ ಎಲ್ಲರೂ ಸಿಮೆಂಟನ್ನು ಬೈಯುತ್ತಾರೆ. ಹೆಚ್ಚಾಗಿ ತಪ್ಪಿದ್ದು ನೀರುಣಿಸುವಲ್ಲಿ.

ಮಾಡಿನ ತಗಡು, ಮರ, ಮೊಳೆಗಳನ್ನು ಗೋಡೆ ಏಳುವ ಮೊದಲೇ ತಂದಿಡಿ. ರಸ್ತೆ ಬಂದಾದರೆ ಆಮೇಲೆ ಸಿಕ್ಕುವುದಿಲ್ಲ. ಸಿಮೆಂಟನ್ನು ಮಾತ್ರ ಎರಡು ವಾರಕ್ಕೆ ಬೇಕಾದಷ್ಟೇ ತರಿಸಿ, ದಾಸ್ತಾನಿಟ್ಟದ್ದು ಗಟ್ಟಿಯಾಗುತ್ತದೆ, ಲೂಟಿಯೂ ಆಗಬಹುದು. ಯಂತ್ರ ನಡೆಸುವುದನ್ನು ಮೊದಲ ವಾರವೇ ಅಲ್ಲಿನ ‘ಫುಂಡಿ’ಗೆ, ಅಂದರೆ ಮೇಸ್ತ್ರಿಗೆ, ಕಲಿಸಿ. ನಕ್ಷೆ, ಅಳತೆ, ಫೋನ್ ನಂಬರುಗಳು ಕಾಗದದಲ್ಲಿ ಅವರ ಕೈಯಲ್ಲಿರಲಿ. ಜಾಗದ ಪತ್ರ ನೋಡದೆ ಪಾಯಕ್ಕೆ ದಾರ ಹಿಡಿಯಬೇಡಿ.

ಹಳದಿ ಜ್ವರದ ಲಸಿಕೆ ಹೊರಡುವ ಹತ್ತು ದಿನ ಮೊದಲಾದರೂ ಹಾಕಿಸಿ. ಪ್ರಮಾಣಪತ್ರ ಇಲ್ಲದಿದ್ದರೆ ವಾಪಸು ಬರುವಾಗ ಭಾರತದಲ್ಲಿ ಆರು ದಿನದವರೆಗೆ ಪ್ರತ್ಯೇಕ ಇರಿಸುತ್ತಾರೆ. ಇಳಿದ ದಿನವೇ ಭಾರತೀಯ ಹೈಕಮಿಷನ್‌ಗೆ ತಂಡದ ಹೆಸರು, ಉಳಿಯುವ ಊರು ತಿಳಿಸಿ.