ಲೇಯರ್ ಕೋಳಿಯ ಲಿವರ್‌ಗೆ ಕೊಬ್ಬು ಹತ್ತಿದರೆ ಎಣ್ಣೆ ನಿಲ್ಲಿಸಬೇಡಿ

ಚೆನ್ನಾಗಿ ಮೊಟ್ಟೆ ಇಡುತ್ತಿದ್ದ ದಪ್ಪ ಕೋಳಿ ಪಂಜರದಲ್ಲಿ ಇದ್ದಕ್ಕಿದ್ದಂತೆ ಸತ್ತು, ಜುಟ್ಟು ಬಿಳಿಚಿದ್ದರೆ ಹೊಟ್ಟೆ ಕೊಯ್ದು ನೋಡಿ. ಲಿವರ್ ಹಳದಿಯಾಗಿ, ಬೆರಳಿಟ್ಟರೆ ಒಡೆಯುವಂತಿದ್ದು, ಮೇಲೆ ರಕ್ತ ಹೆಪ್ಪುಗಟ್ಟಿದ್ದರೆ ಕೊಬ್ಬು ತುಂಬಿ ಲಿವರ್ ಒಡೆದಿದೆ.

ಇದನ್ನು ಕಂಡವರು ಮೊದಲು ಮಾಡುವ ಕೆಲಸ ಆಹಾರಕ್ಕೆ ಬೆರೆಸುವ ಎಣ್ಣೆ ನಿಲ್ಲಿಸುವುದು. ಅಲ್ಲೇ ಲೆಕ್ಕ ತಪ್ಪುತ್ತದೆ. ಕೋಳಿ ತನ್ನ ಕೊಬ್ಬನ್ನು ಬಹುಪಾಲು ಲಿವರ್‌ನಲ್ಲೇ ತಯಾರಿಸುತ್ತದೆ. ಅದಕ್ಕೆ ಕಚ್ಚಾಮಾಲು ಗೋವಿನಜೋಳದ ಪಿಷ್ಟ. ಒಟ್ಟು ಶಕ್ತಿ ಅಷ್ಟೇ ಇಟ್ಟು ಪಿಷ್ಟದ ಒಂದು ಪಾಲನ್ನು ಎಣ್ಣೆಯಿಂದ ತುಂಬಿದರೆ ಲಿವರ್‌ನ ದುಡಿತ ಇಳಿಯುತ್ತದೆ. ಜೋಳ ಇದ್ದಷ್ಟೇ ಇಟ್ಟು ಮೇಲೆ ಎಣ್ಣೆ ಸುರಿದರೆ ಮಾತ್ರ ಕೋಳಿ ಇನ್ನೂ ಕೊಬ್ಬುತ್ತದೆ.

100 ಕಿಲೋ ಮಿಶ್ರಣದಲ್ಲಿ 7 ಕಿಲೋ ಗೋವಿನಜೋಳ ತೆಗೆದು 2 ಕಿಲೋ ಸೋಯಾ ಎಣ್ಣೆ, 5 ಕಿಲೋ ಗೋಧಿ ಬೂಸಾ ಹಾಕಿ. ಜೋಳ ಕಿಲೋಗೆ ಸುಮಾರು 3,350, ಎಣ್ಣೆ 8,800, ಬೂಸಾ 1,300 ಕಿಲೋಕ್ಯಾಲರಿ ಎಂದು ಹಿಡಿದರೆ ಶಕ್ತಿ ಹೆಚ್ಚುಕಡಿಮೆ ಸರಿಹೋಗುತ್ತದೆ. ಒಣ ಸಾಮಾನು ಬೆರೆತ ಮೇಲೆ ಎಣ್ಣೆಯನ್ನು ನಿಧಾನ ಚಿಮುಕಿಸಿ, ಇಲ್ಲದಿದ್ದರೆ ಉಂಡೆ ಕಟ್ಟುತ್ತದೆ. ಕಮಟು ವಾಸನೆಯ ಎಣ್ಣೆ ಬೇಡವೇ ಬೇಡ. ಅದು ವಿಟಮಿನ್ ಇ ಕೆಡಿಸುತ್ತದೆ.

ತಯಾರಾದ ಕೊಬ್ಬು ಲಿವರ್‌ನಿಂದ ಮೊಟ್ಟೆಯತ್ತ ಹೊರಡಲು ಕೋಲೀನ್ (ವಿಟಮಿನ್‌ನಂಥ ಪೋಷಕಾಂಶ), ಮಿಥಿಯೋನಿನ್ (ಪ್ರೋಟೀನಿನ ಒಂದು ಘಟಕ) ಬೇಕು. ಶೇ. 60ರ ಕೋಲೀನ್ ಕ್ಲೋರೈಡ್ 100 ಕಿಲೋಗೆ 100 ಗ್ರಾಂ ಸಾಕು. ಅದನ್ನು ವಿಟಮಿನ್ ಪ್ರೀಮಿಕ್ಸ್ (ಮೊದಲೇ ಬೆರೆಸಿಟ್ಟ ವಿಟಮಿನ್ ಪುಡಿ) ಜೊತೆ ಒಂದೇ ಡಬ್ಬಿಯಲ್ಲಿ ಇಡಬೇಡಿ. ತೇವ ಎಳೆದುಕೊಂಡು ವಿಟಮಿನ್ ಹಾಳುಮಾಡುತ್ತದೆ.

ನಮ್ಮ ಬೆಳಗಾವಿ, ಬಾಗಲಕೋಟೆ ಕಡೆ ಹಿಂಗಾರಿಗೆ ಮುಂಚೆ ಬರುವ ಹೊಸ ಗೋವಿನಜೋಳ ಹಸಿಯಾಗಿರುತ್ತದೆ. ತೇವಾಂಶ ಶೇ. 12ಕ್ಕಿಂತ ಮೇಲಿದ್ದರೆ ಒಣಗಿಸಿ. ಬೂಷ್ಟು ಹಿಡಿದ ಜೋಳ, ಶೇಂಗಾ ಹಿಂಡಿಯ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ ಕೊಬ್ಬಿನ ಸಾಗಣೆಯನ್ನೇ ತಡೆಯುತ್ತದೆ. ಆಗ ಎಣ್ಣೆ ಬದಲಿಸಿ ಏನೂ ಆಗದು.

ಕೊಲೆಸ್ಟ್ರಾಲ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಕಾಳು, ಹಿಂಡಿಯಲ್ಲಿ ಅದು ಇಲ್ಲದಷ್ಟೇ. ಮೊಟ್ಟೆಗೆ ಬೇಕಾದುದನ್ನು ಕೋಳಿಯೇ ತಯಾರಿಸಿಕೊಳ್ಳುತ್ತದೆ. ಪ್ರಾಣಿ ಕೊಬ್ಬು ಹಾಕುವವರಿಗೆ ಮಾತ್ರ ಇದು ಲೆಕ್ಕಕ್ಕೆ ಬರುತ್ತದೆ: ಆಹಾರದಲ್ಲಿ ಕೊಲೆಸ್ಟ್ರಾಲ್ ಹೆಚ್ಚಿದರೆ ಲಿವರ್‌ನಲ್ಲಿ ಶೇಖರವಾಗುತ್ತದೆ.

ವಾರಕ್ಕೊಮ್ಮೆ ಅದೇ ಪಂಜರಗಳ 50 ಕೋಳಿ ತೂಗಿ, ತಳಿಯ ತೂಕದ ಪಟ್ಟಿಯೊಂದಿಗೆ ಹೋಲಿಸಿ. ತೂಕ ಮೀರಿದ್ದರೆ ಆಹಾರದ ಶಕ್ತಿಯನ್ನು ಸ್ವಲ್ಪ ಸ್ವಲ್ಪವೇ ಇಳಿಸಿ. ಆಹಾರವನ್ನು ಒಮ್ಮೆಲೇ ಕಡಿದರೆ ಮೊಟ್ಟೆ ಬೀಳುತ್ತದೆ. ವಿಜಯಪುರದ ಬೇಸಿಗೆಯಲ್ಲಿ ಇಂಥ ಸಾವು ಹೆಚ್ಚು, ಹಾಗಾಗಿ ಮಾರ್ಚ್‌ಗೆ ಮುಂಚೆಯೇ ತಕ್ಕಡಿ ಹಿಡಿಯಿರಿ.