ಬೇಸ್‌ಬಾಲ್ ಕಾರ್ಡ್ ಸಂಗ್ರಹ: ಕೊಳ್ಳುವ ಮುನ್ನ ನಿಯಮ ಬರೆದುಕೊಳ್ಳಿ

ಅಮೆರಿಕದಲ್ಲಿ ಮೊದಲು ಸಿಗರೇಟು ಪೊಟ್ಟಣಗಳಲ್ಲಿ, ಆಮೇಲೆ ಬಬಲ್‌ಗಮ್ ಜೊತೆಯಲ್ಲಿ ಬರುತ್ತಿದ್ದ, ಆಟಗಾರರ ಚಿತ್ರವಿರುವ ಬೇಸ್‌ಬಾಲ್ ಕಾರ್ಡುಗಳು ಹತ್ತೊಂಬತ್ತನೆಯ ಶತಮಾನದಿಂದ ಅಚ್ಚಾಗುತ್ತಿರುವುದರಿಂದ, ಎಲ್ಲವನ್ನೂ ಕೂಡಿಡುವುದು ಯಾರಿಂದಲೂ ಆಗದ ಮಾತು. ಆದ್ದರಿಂದ ಹೊಸಬರು ಮೊದಲ ಕಾರ್ಡು ಕೊಳ್ಳುವ ಮುನ್ನವೇ ತಮ್ಮ ನಿಯಮಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳುವುದು ಒಳಿತು.

ಮೊದಲು ಎಲ್ಲೆ ಗುರುತಿಸಿ. ಒಬ್ಬ ಆಟಗಾರ, ಒಂದು ತಂಡ ಅಥವಾ ಒಂದು ವರ್ಷದ ಸೆಟ್ (ಒಂದು ಕಂಪನಿ ಆ ವರ್ಷ ಸಂಖ್ಯೆ ಹಾಕಿ ತಂದ ಕಾರ್ಡುಗಳ ಪೂರ್ತಿ ಸರಣಿ), ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ನನ್ನ ಮತ ಸೆಟ್‌ನ ಕಡೆಗೆ, ಏಕೆಂದರೆ ಅದಕ್ಕೆ ಕೊನೆಯೆಂಬುದು ಇರುತ್ತದೆ. ಟಾಪ್ಸ್ ಕಂಪನಿಯ 1987ರ ಸೆಟ್‌ನಲ್ಲಿ 792 ಕಾರ್ಡುಗಳಿದ್ದರೂ, ಆ ಕಾಲದಲ್ಲಿ ವಿಪರೀತ ಸಂಖ್ಯೆಯಲ್ಲಿ ಅಚ್ಚಾದ ಕಾರಣ ಅದು ಇಂದಿಗೂ ಅಗ್ಗ. ಅದೇ ಕಂಪನಿಯ 1952ರ ಸೆಟ್‌ನಲ್ಲಿ 407 ಕಾರ್ಡುಗಳಷ್ಟೇ ಇದ್ದರೂ 311ರಿಂದ ಮುಂದಿನವು ವಿರಳ. ನ್ಯೂಯಾರ್ಕ್ ಯಾಂಕೀಸ್ ತಂಡದ ಹೆಸರಾಂತ ಆಟಗಾರ ಮಿಕಿ ಮ್ಯಾಂಟಲ್‌ನ 311ನೆಯ ಕಾರ್ಡಿನ ಅತ್ಯುತ್ತಮ ಸ್ಥಿತಿಯ ಪ್ರತಿಯೊಂದು 2022ರ ಹರಾಜಿನಲ್ಲಿ 1.26 ಕೋಟಿ ಡಾಲರಿಗೆ ಹೋಯಿತು. ಆ ಸೆಟ್ ಮೇಲೆ ಮನಸ್ಸಿದ್ದವರು ‘310ರವರೆಗೆ ಮಾತ್ರ’ ಎಂದು ಬರೆದುಕೊಂಡರೆ ಅದೂ ಗೌರವದ ನಿಯಮವೇ.

ಬಳಿಕ ಕಾರ್ಡಿನ ಸ್ಥಿತಿಯನ್ನು ನಿರ್ಧರಿಸಿ. ಗ್ರೇಡಿಂಗ್ ಸಂಸ್ಥೆಗಳು ಮೂಲೆ, ಅಂಚು, ಮೇಲ್ಮೈ ಹಾಗೂ ಚಿತ್ರ ನಡುವಿನಲ್ಲಿ ಕೂತಿದೆಯೇ ಎಂಬುದನ್ನು ನೋಡಿ 1ರಿಂದ 10ರವರೆಗೆ ಅಂಕ ಕೊಡುತ್ತವೆ. ಒಂದೇ ಅಂಕದ ಅಂತರಕ್ಕೆ ಬೆಲೆ ಹಲವು ಪಟ್ಟು ಏರಬಹುದು. ಹಳೆಯ ಕಾರ್ಡಿನಲ್ಲಿ ಮಡಿಕೆಯಿದ್ದರೆ ಒಪ್ಪಿಕೊಳ್ಳಿ, ಅಂಚು ಕತ್ತರಿಸಿದ್ದನ್ನೂ ಬಣ್ಣ ತುಂಬಿದ್ದನ್ನೂ ಮಾತ್ರ ಎಂದಿಗೂ ಬೇಡ.

ತಿಂಗಳ ಖರ್ಚಿಗೆ ಮಿತಿ ಹಾಕಿ. ಬೇಕಾದದ್ದು ಒಂದೇ ಕಾರ್ಡಾದರೆ ಅದನ್ನು ಬಿಡಿಯಾಗಿ ಕೊಳ್ಳಿ, ಅದು ಸಿಕ್ಕೀತೆಂಬ ಆಸೆಯಿಂದ, ಒಳಗೆ ಯಾವ ಕಾರ್ಡಿದೆಯೆಂದು ತಿಳಿಯದ ಪ್ಯಾಕ್ ಒಡೆಯುತ್ತಾ ಹೋಗಬೇಡಿ.

ಜೋಪಾನದ ನಿಯಮವನ್ನೂ ಸೇರಿಸಿ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾ ಸಂಗ್ರಹಾಲಯಕ್ಕೆ 30,000ಕ್ಕೂ ಹೆಚ್ಚು ಬೇಸ್‌ಬಾಲ್ ಕಾರ್ಡುಗಳನ್ನು ದಾನ ಮಾಡಿದ ಜೆಫರ್ಸನ್ ಬರ್ಡಿಕ್ ರೂಪಿಸಿದ ವರ್ಗೀಕರಣವನ್ನು ಸಂಗ್ರಾಹಕರು ಇಂದಿಗೂ ಬಳಸುತ್ತಾರೆ. ಆದರೆ ಅವರು ಕಾರ್ಡುಗಳನ್ನು ಆಲ್ಬಮ್‌ಗಳಿಗೆ ಅಂಟಿಸಿದ್ದರು, ಅದನ್ನು ನಾವು ಅನುಸರಿಸಬಾರದು. ಪಿವಿಸಿ ಇಲ್ಲದ ಪ್ಲಾಸ್ಟಿಕ್ ಜೇಬುಗಳನ್ನು ಅಳತೆ ನೋಡಿ ಕೊಳ್ಳಿ: ಟಾಪ್ಸ್ ಕಾರ್ಡುಗಳು 1957ರಿಂದ ಎರಡೂವರೆಗೆ ಮೂರೂವರೆ ಅಂಗುಲ, 1952ರವು ಅದಕ್ಕಿಂತ ತುಸು ದೊಡ್ಡವು.

ಕೊನೆಗೆ, ಇನ್ನೂ ಸಿಗದ ಕಾರ್ಡುಗಳ ಸಂಖ್ಯೆಗಳನ್ನು ಅದೇ ಹಾಳೆಯ ಹಿಂಬದಿಯಲ್ಲಿ ಬರೆದು ಅಂಗಡಿಗೆ ಹೋಗುವಾಗ ಜೊತೆಗಿಟ್ಟುಕೊಳ್ಳಿ, ಸಿಕ್ಕಿದ್ದನ್ನು ಅಲ್ಲಿಯೇ ಹೊಡೆದುಹಾಕಿ.